ಅಗಲದ ಆಸೆ ಬಿಡು, ತಾರೀಖು ಓದು

ತಮ್ಮಾ,

ಕಡ್ಡಿ ಚಕ್ರದ ಎಂಜಿಬಿ ಕಾರನ್ನು ನಮ್ಮ ಸಾಸಲಿಗೆ ತಂದಿದ್ದೀಯ. ಬಣ್ಣವಾಯಿತು, ಎಂಜಿನ್ ಬಿಚ್ಚಿ ಕೂಡಿಸಿದ್ದಾಯಿತು, ಇನ್ನು ಟೈರು ಹಾಕಿಸಿದರೆ ಮುಗಿಯಿತು ಅಂದೆ. ಟೈರು ಕೊನೆಯ ಕೆಲಸ ಅಂತ ಹಳೆ ಗಾಡಿ ಹುಚ್ಚಿನವರೆಲ್ಲ ಅಂದುಕೊಳ್ಳುತ್ತಾರೆ. ದುಡ್ಡು ಖಾಲಿಯಾದ ಮೇಲೆ ಉಳಿಯುವ ಕೆಲಸ ಅದು. ಆಗ ಎರಡರಲ್ಲೊಂದು ನಡೆಯುತ್ತದೆ. ಬಟನ್ ಇನ್ನೂ ಚೆನ್ನಾಗಿದೆಯಲ್ಲ ಎಂದು ಹಳೆಯದನ್ನೇ ಉಳಿಸಿಕೊಳ್ಳುತ್ತಾರೆ, ಇಲ್ಲವೇ ನೋಟಕ್ಕೆ ಮರುಳಾಗಿ ಅಗಲದ್ದು ತಂದು ತುರುಕುತ್ತಾರೆ. ನೀನು ಎರಡನ್ನೂ ಮಾಡಬೇಡ.

ಮೊದಲು ಈಗ ಗಾಡಿಯ ಮೇಲಿರುವ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಓದು. ಪಕ್ಕದ ಗೋಡೆಯ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. ಹೊರಗಡೆ ಕಾಣದಿದ್ದರೆ ಒಳಮಗ್ಗುಲಲ್ಲಿ ಹುಡುಕು. 3524 ಎಂದಿದ್ದರೆ 2024ರ 35ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು. ಅದರ ಮೇಲೆ ದೊಡ್ಡಬಳ್ಳಾಪುರದವರೆಗೂ ಹೋಗಬೇಡ. ಬಟನ್ ಎಷ್ಟೇ ಎದ್ದು ನಿಂತಿರಲಿ, ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ, ಒಳಗಿನ ಪದರಗಳ ಅಂಟು ಬಿಟ್ಟಿರುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕ್ ಒತ್ತಿದ ದಿನ ಗೊತ್ತಾಗುತ್ತದೆ.

ಓಡದೆ ನಿಂತ ಗಾಡಿಯ ಟೈರು ಓಡುವ ಗಾಡಿಯದ್ದಕ್ಕಿಂತ ಬೇಗ ಬಿರಿಯುತ್ತದೆ ಎಂದರೆ ನಂಬುವವರು ಕಡಿಮೆ. ರಬ್ಬರಿನ ಒಳಗೆ ಒಂದು ಬಗೆಯ ಮೇಣ ಸೇರಿಸಿರುತ್ತಾರೆ. ಟೈರು ಉರುಳಿ ಬಾಗಿ ಬಳುಕಿದಾಗ ಆ ಮೇಣ ಮೇಲ್ಮೈಗೆ ಬಂದು ಗಾಳಿಯಲ್ಲಿರುವ ಓಜೋನಿನಿಂದ ಕಾಪಾಡುತ್ತದೆ. ನಿಂತಲ್ಲೇ ನಿಂತರೆ ಮೇಣ ಒಳಗೇ ಉಳಿಯುತ್ತದೆ, ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲೋ ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯದಲ್ಲೋ ನಿಂತು ನೋಡಿಸಿಕೊಳ್ಳುವ ಕಾರಿಗೆ ಅದರಿಂದ ಅಪಾಯವಿಲ್ಲ. ನೀನು ಓಡಿಸುವವನು. ಆರು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಒಳಗೂ ಹೊರಗೂ ನೋಡಿಸು, ಹತ್ತು ವರ್ಷಕ್ಕೆ ಏನೂ ಕೇಳದೆ ತೆಗೆದುಬಿಡು.

ಈಗ ಅಳತೆಯ ಮಾತು. ಬೆಂಗಳೂರಿನ ನಿನ್ನ ಗೆಳೆಯರು 195 ಅಗಲದ್ದು ಹಾಕು, ಗಾಡಿ ಗತ್ತಾಗಿ ಕಾಣುತ್ತದೆ ಅಂದಿದ್ದಾರಂತೆ. ಎಂಜಿಬಿ ಮೊದಲು ಬಂದದ್ದು 1962ರಲ್ಲಿ, 5.60-14 ಅಳತೆಯ ಕ್ರಾಸ್-ಪ್ಲೈ ಟೈರಿನ ಮೇಲೆ. ಅದನ್ನೇ ನಮ್ಮ ಕಡೆ ನೈಲಾನ್ ಟೈರು ಅನ್ನುವುದು. ಆಮೇಲೆ 155 ಅಥವಾ 165 ಅಗಲದ ರೇಡಿಯಲ್ ಬಂತು. ನಿನ್ನ ಕಡ್ಡಿ ಚಕ್ರದ ರಿಮ್ಮು ನಾಲ್ಕೂವರೆ ಇಂಚು ಅಗಲ, ಅಷ್ಟೇ. 195/60 ಟೈರು ಕೇಳುವುದು ಕಡಿಮೆಯೆಂದರೂ ಐದೂವರೆ ಇಂಚಿನ ರಿಮ್ಮು. ಕಿರಿದಾದ ರಿಮ್ಮಿಗೆ ಅದನ್ನು ಎಳೆದು ಕೂರಿಸಿದರೆ ಗೋಡೆಗಳು ಒಳಕ್ಕೆ ಸೆಟೆದು, ನಡುಭಾಗ ಉಬ್ಬುತ್ತದೆ. ನೆಲ ಮುಟ್ಟುವುದು ನಡುಭಾಗವೇ, ಸವೆಯುವುದೂ ಅದೇ. ಅಗಲಕ್ಕೆ ಕೊಟ್ಟ ದುಡ್ಡು ಗಾಳಿಯಲ್ಲಿ ತೇಲುತ್ತಿರುತ್ತದೆ. ತಿರುವಿನಲ್ಲಿ ಗಾಡಿ ಆ ಸೆಟೆದ ಗೋಡೆಗಳ ಮೇಲೆ ಓಲಾಡುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಹಿಂದಿನ ಮಡ್‌ಗಾರ್ಡಿನ ಅಂಚು ಟೈರಿಗೆ ಉಜ್ಜುತ್ತದೆ. ಮೇಲಾಗಿ 165/80ಕ್ಕೆ ಹೋಲಿಸಿದರೆ 195/60ರ ಸುತ್ತಳತೆ ಚಿಕ್ಕದು. ಗಾಡಿಯ ಹೊಟ್ಟೆ ನೆಲಕ್ಕೆ 15 ಮಿಲಿಮೀಟರು ಹತ್ತಿರವಾಗುತ್ತದೆ. ನಮ್ಮ ಹೋಬಳಿಯ ರಸ್ತೆ ಉಬ್ಬುಗಳನ್ನು ಯಾವ ಇಂಜಿನಿಯರು ಅಳೆದು ಹಾಕಿದ್ದಾನೋ ನಿನಗೇ ಗೊತ್ತು. ಮೊದಲೇ ತಗ್ಗಿನ ಗಾಡಿ ಅದು, ಸೈಲೆನ್ಸರನ್ನು ರಸ್ತೆಗೆ ಕಾಣಿಕೆ ಕೊಡಬೇಡ.

ಹಾಗಾದರೆ ಏನು ಹಾಕಲಿ ಅನ್ನುತ್ತೀಯ. ಮಾರುತಿ ಸ್ವಿಫ್ಟಿನ ಟೈರು ಹಾಕು. ನಗಬೇಡ. ಸ್ವಿಫ್ಟಿನ ಕಡಿಮೆ ಬೆಲೆಯ ಮಾದರಿಗಳಿಗೂ ಡಿಜೈರಿಗೂ ಕಂಪನಿ ಹಾಕಿ ಕೊಡುತ್ತಿದ್ದುದು 165/80 ಆರ್ 14. ಲೆಕ್ಕ ಹಾಕಿ ನೋಡು: ಅದರ ವ್ಯಾಸ ಸುಮಾರು 620 ಮಿಲಿಮೀಟರು. ನಿನ್ನ ಗಾಡಿಗೆ ಹಿಂದೆ ಬರುತ್ತಿದ್ದ 155ರದ್ದು 610, 165ರದ್ದು 626. ಅಂದರೆ ಎರಡರ ನಡುವೆ ಸರಿಯಾಗಿ ಕೂರುತ್ತದೆ. ಸ್ಪೀಡೋಮೀಟರು ಕೂಡ ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿರುವ 85 ಟಿ ಎಂಬ ಗುರುತಿನಲ್ಲಿ 85 ಎಂದರೆ ಒಂದು ಟೈರು 515 ಕಿಲೋ ಹೊರುತ್ತದೆ, ಟಿ ಎಂದರೆ ಗಂಟೆಗೆ 190 ಕಿಲೋಮೀಟರು ತಡೆಯುತ್ತದೆ. ನಿನ್ನ ಗಾಡಿಯ ತೂಕ ಒಂದು ಟನ್ನಿನ ಒಳಗೆ. ಹೊಸದಾಗಿದ್ದಾಗಲೇ ಅದರ ಓಟ 170ರ ಸುಮಾರು. ಈ ಟೈರು ದೊಡ್ಡಬಳ್ಳಾಪುರದ ಅಂಗಡಿಯಲ್ಲೇ ಸಿಗುವಂಥದು, ಮತ್ತು ಬೇಗ ಬೇಗ ಮಾರಾಟವಾಗುವ ಅಳತೆಯಾದ್ದರಿಂದ ತಾರೀಖು ಹೊಸದಿರುತ್ತದೆ. ನನಗೆ ಅದೇ ಮುಖ್ಯ. ಹೆಸರಾಂತ ವಿಲಾಯತಿ ಕಂಪನಿಯ ಎಂಟು ವರ್ಷದ ಟೈರಿಗಿಂತ ನಮ್ಮ ಕಂಪನಿಯ ಎರಡು ತಿಂಗಳ ಟೈರು ಮೇಲು. ನಾಲ್ಕೂ ಒಂದೇ ಕಂಪನಿಯದ್ದು, ಒಂದೇ ನಮೂನೆಯದ್ದು ಇರಲಿ.

ವಿಲಾಯತಿಯದ್ದೇ ಬೇಕು ಅನ್ನುವವರಿಗೆ ದಾರಿ ಇಲ್ಲದಿಲ್ಲ. ಪಿರೆಲ್ಲಿ ತನ್ನ ಹಳೆಯ ಚಿಂತುರಾತೊ ಟೈರುಗಳನ್ನು, ಮಿಶೆಲಿನ್ ತನ್ನ ಎಕ್ಸ್‌ಎಎಸ್ಸನ್ನು ಹಳೆ ಕಾರುಗಳಿಗೆಂದೇ ಹಳೆ ನಮೂನೆಯಲ್ಲೇ ಮಾಡುತ್ತಿವೆ. ನೋಡಲು ಚೆಂದ, ಓಡಿಸಲೂ ಚೆಂದ. ಆದರೆ 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಕಾರು, ಬಸ್ಸು, ಲಾರಿ, ಬೈಕುಗಳ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ತರಿಸಬೇಕಾದರೆ ಪರವಾನಗಿ ಬೇಕು. ಐಎಸ್ಐ ಗುರುತಿನ ಗಂಟು ಬೇರೆ. ಜಾಗ್ವಾರ್ ಇ-ಟೈಪಿನಂಥ ಗಾಡಿ ಇಟ್ಟುಕೊಂಡವನಿಗೆ ಈ ತಾಪತ್ರಯ ತಪ್ಪುವುದಿಲ್ಲ, ಯಾಕೆಂದರೆ ಗಂಟೆಗೆ 240 ಕಿಲೋಮೀಟರು ಎಂದು ಹೆಸರು ಮಾಡಿದ ಕಾರಿಗೆ ವಿ ಗುರುತಿನ ಟೈರೇ ಬೇಕು, ಸಣ್ಣ ಕಾರಿನದ್ದು ನಡೆಯದು. ಅಂಥವರು ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನ ಹಿರಿಯ ಸದಸ್ಯರನ್ನು ಕೇಳಿ ಮುಂದುವರಿಯುವುದು ಲೇಸು. ನಿನಗೆ ಆ ತಲೆನೋವಿಲ್ಲ, ಸಂತೋಷಪಡು.

ನಿನ್ನ ಹಾಗೆಯೇ ಅದೃಷ್ಟವಂತರು ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರು. ಮದ್ರಾಸಿನಲ್ಲಿ ತಯಾರಾದ ಆ ಕಾರಿನ ಚಾಸಿಯ ನಮೂನೆಯ ಮೇಲೆಯೇ ಇಂಗ್ಲೆಂಡಿನವರು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಕಟ್ಟಿದರು. ಎರಡಕ್ಕೂ ಅಳತೆ 5.20-13. ಅದಕ್ಕೆ ಹಳೆಯ ವ್ಯಾಗನ್-ಆರ್‌ನ 145/80 ಆರ್ 13 ಹತ್ತಿರದ ಬಳಗ. ಕಷ್ಟವಿರುವುದು 19 ಇಂಚಿನ ಎತ್ತರದ ಚಕ್ರದ ಎಂಜಿ ಟಿಸಿಯವರಿಗೆ. ಹಳೆಯ ಬುಲೆಟ್ಟಿಗೂ 19 ಇಂಚೇ ಅಲ್ಲವೇ ಎಂದು ಬೈಕಿನ ಟೈರನ್ನು ಕಾರಿಗೆ ಹಾಕುವ ಯೋಚನೆ ಕೆಲವರಿಗೆ ಹೊಳೆಯುತ್ತದೆ. ಬೈಕು ತಿರುವಿನಲ್ಲಿ ವಾಲುತ್ತದೆ, ಅದಕ್ಕೇ ಅದರ ಟೈರಿನ ಮೈ ದುಂಡು. ಕಾರು ವಾಲುವುದಿಲ್ಲ, ಅಡ್ಡಡ್ಡ ತಳ್ಳುತ್ತದೆ. ಆ ತಳ್ಳಾಟಕ್ಕೆ ಬೈಕಿನ ಟೈರು ಹುಟ್ಟಿದ್ದೇ ಅಲ್ಲ. ಯಾರಾದರೂ ಹಾಗೆ ಮಾಡಿದ ಗಾಡಿ ಹತ್ತು ಅಂದರೆ ಇಳಿದು ನಡೆದು ಬಾ.

ನೈಲಾನೋ ರೇಡಿಯಲ್ಲೋ ಎಂಬ ಜಗಳ ನಿನ್ನ ಗಾಡಿಗೆ ಬೇಡ. ಮಿಶೆಲಿನ್ ರೇಡಿಯಲ್ಲಿಗೆ ಪೇಟೆಂಟ್ ಪಡೆದದ್ದು 1946ರಲ್ಲಿ. ನಮ್ಮಲ್ಲಿ ಜೆಕೆ ಕಂಪನಿ ಕಾರಿನ ರೇಡಿಯಲ್ ತಂದದ್ದು 1977ರಲ್ಲಿ. ಆಮೇಲೂ ಅಂಬಾಸಡರು, ಪದ್ಮಿನಿಗಳು ವರ್ಷಗಟ್ಟಲೆ ನೈಲಾನಿನ ಮೇಲೇ ಓಡಿದವು. ಎಂಜಿಬಿಯ ಸಸ್ಪೆನ್ಷನ್ ರೇಡಿಯಲ್ಲಿಗೆ ಒಗ್ಗಿಕೊಂಡೇ ಬೆಳೆದದ್ದು. ಒಂದೇ ಎಚ್ಚರ: ಎರಡನ್ನೂ ಬೆರೆಸಬೇಡ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕಿದ ಗಾಡಿಯಲ್ಲಿ ಮುಂಭಾಗ ರಸ್ತೆ ಕಚ್ಚಿಕೊಂಡಿರುತ್ತದೆ, ಹಿಂಭಾಗ ಜಾರುತ್ತದೆ, ತಿರುವಿನಲ್ಲಿ ಹಿಂದಿನದು ಮುಂದೆ ಬರುತ್ತದೆ. ಸ್ಟೆಪ್ನಿಗೂ ಇದೇ ಮಾತು. ಡಿಕ್ಕಿಯಲ್ಲಿ ಬೆಚ್ಚಗೆ ಮಲಗಿರುವ ಸ್ಟೆಪ್ನಿಯೇ ಎಷ್ಟೋ ಸಲ ಗಾಡಿಯಲ್ಲಿರುವ ಅತ್ಯಂತ ಹಳೆಯ ಟೈರು. ಐದು ಕೊಳ್ಳು, ನಾಲ್ಕಲ್ಲ.

ಕೊಳ್ಳುವುದು ಸುಲಭ ಕಣಪ್ಪ, ಹಾಕಿಸುವುದೇ ಕಷ್ಟ. ಹೈವೇ ಪಕ್ಕದ ಅಂಗಡಿಯ ಹುಡುಗರು ಕಳ್ಳರಲ್ಲ, ಕೆಟ್ಟವರೂ ಅಲ್ಲ. ಅವರು ಕಡ್ಡಿ ಚಕ್ರವನ್ನು ಕಂಡಿಲ್ಲ. ಮಿಷನ್ನಿನ ಕಬ್ಬಿಣದ ಹಿಡಿಗಳು ಹೊರಗಿನಿಂದ ರಿಮ್ಮಿನ ಅಂಚನ್ನು ಕಚ್ಚಿದರೆ ಕ್ರೋಮು ಹೋಗುತ್ತದೆ, ಟೈರಿನ ಒಳ ಅಂಚಾದ ಬೀಡನ್ನು ರಿಮ್ಮಿನಿಂದ ಬಿಡಿಸುವ ಒತ್ತುಗೈ ಕಡ್ಡಿಗೆ ತಾಗಿದರೆ ಕಡ್ಡಿ ಬಾಗುತ್ತದೆ. ನಮ್ಮ ಹಳೆಯ ಪಂಚರ್ ಅಂಗಡಿಗಳಲ್ಲಿ ಟ್ರ್ಯಾಕ್ಟರ್ ಟೈರು ಬಿಚ್ಚುವ ಹಾರೆಯನ್ನೇ ಇದಕ್ಕೂ ಹಾಕುವವರಿದ್ದಾರೆ. ಚಿಕ್ಕ ಲಿವರು, ಮೂರು ಸಾಕು, ರಿಮ್ಮಿನ ಅಂಚಿಗೆ ಹಳೆಯ ಟ್ಯೂಬಿನ ತುಂಡು, ಬೀಡಿಗೆ ಸೋಪಿನ ನೀರು. ಇಷ್ಟನ್ನು ನೀನೇ ತೆಗೆದುಕೊಂಡು ಹೋಗು. ಅಂಗಡಿಯಲ್ಲಿ ಜನ ಕಡಿಮೆಯಿರುವ ಮಧ್ಯಾಹ್ನ ಹೋಗು, ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಲ್ಲು. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಟೀ ಕೊಡಿಸು.

ಹಳೆ ಟೈರು ಕಳಚಿದೊಡನೆ ಹೊಸದನ್ನು ಏರಿಸಲು ಬಿಡಬೇಡ. ರಿಮ್ಮಿನ ಒಳಮೈ ನೋಡು. ತುಕ್ಕಿದ್ದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ ಬಣ್ಣ ಹಚ್ಚು. ಅರವತ್ತು ಕಡ್ಡಿಗಳ ತಲೆ ಅಲ್ಲಿ ಬಂದು ಕೂರುತ್ತದೆ. ಯಾವುದಾದರೂ ನಿಪ್ಪಲಿನಿಂದ ಕಡ್ಡಿಯ ತುದಿ ಹೊರಚಾಚಿದ್ದರೆ ಅರದಿಂದ ತಿಕ್ಕಿ ಸಮ ಮಾಡಿಸು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಪ್ರತಿ ಕಡ್ಡಿಯನ್ನೂ ಮೆಲ್ಲಗೆ ತಟ್ಟಿ ಕೇಳು. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಟಪ್ ಎನ್ನುತ್ತದೆ. ಟಪ್ ಅಂದದ್ದು ಒಂದಕ್ಕಿಂತ ಹೆಚ್ಚಿದ್ದರೆ ಟೈರಿನ ಕೆಲಸ ಅಲ್ಲಿಗೇ ನಿಲ್ಲಿಸಿ ಚಕ್ರದ ಕೆಲಸ ಮಾಡಿಸು.

ಕಡ್ಡಿ ಚಕ್ರದ ರಿಮ್ಮಿನಲ್ಲಿ ಅರವತ್ತು ತೂತು, ಅದಕ್ಕೆ ಟ್ಯೂಬು ಬೇಕೇ ಬೇಕು. ಸಿಲಿಕೋನಿನಿಂದ ತೂತು ಮುಚ್ಚಿ ಟ್ಯೂಬ್‌ಲೆಸ್ ಮಾಡಿಕೊಂಡವರಿದ್ದಾರೆ. ಈಗಿನ ರಿಮ್ಮುಗಳಲ್ಲಿ ಬೀಡ್ ಒಳಕ್ಕೆ ಜಾರದಂತೆ ತಡೆಯುವ ಒಂದು ದಿಬ್ಬ ಇರುತ್ತದೆ. ಹಳೆಯ ರಿಮ್ಮುಗಳಲ್ಲಿ ಅದಿಲ್ಲ. ಗಾಳಿ ಸ್ವಲ್ಪ ಇಳಿದು ತಿರುವಿನಲ್ಲಿ ಬೀಡ್ ಜಾರಿದರೆ ಟ್ಯೂಬ್‌ಲೆಸ್ಸಿನ ಗಾಳಿ ಒಮ್ಮೆಗೇ ಖಾಲಿ. ಆ ಪ್ರಯೋಗ ನನಗೆ ಒಪ್ಪಿಗೆಯಿಲ್ಲ.

ಸ್ವಿಫ್ಟಿನ ಟೈರು ಟ್ಯೂಬ್‌ಲೆಸ್ಸಿಗೆಂದು ಮಾಡಿದ್ದು, ಅದರೊಳಗೆ ಟ್ಯೂಬು ಹಾಕುತ್ತಿದ್ದೀಯ. ಆದ್ದರಿಂದ ಒಳಮೈಯನ್ನು ಕೈಯಾಡಿಸಿ ನೋಡು. ಅಂಟಿಸಿದ ಚೀಟಿ, ಬಾರ್‌ಕೋಡು, ಎದ್ದ ಗೆರೆ, ರಬ್ಬರಿನ ಮುಳ್ಳು ಏನಿದ್ದರೂ ತೆಗೆಸಿ ನುಣುಪು ಮಾಡಿಸು. ಒಂದು ಕಾಗದದ ಚೀಟಿ ಸಾಕು, ಬಿಸಿಲಲ್ಲಿ ಉಜ್ಜಿ ಉಜ್ಜಿ ಟ್ಯೂಬಿಗೆ ತೂತು ಮಾಡಲು. ಟ್ಯೂಬು ಹೊಸದಿರಲಿ, ರೇಡಿಯಲ್ ಎಂದು ಬರೆದದ್ದಿರಲಿ, ಅಳತೆಗೆ ಸರಿಹೊಂದಲಿ. ದೊಡ್ಡದು ತುರುಕಿದರೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ. ರಿಮ್ಮಿನ ಸುತ್ತ ರಬ್ಬರಿನ ಪಟ್ಟಿ ಹಾಕಿಸು. ಇನ್ಸುಲೇಷನ್ ಟೇಪು ಸುತ್ತುವವರಿದ್ದಾರೆ, ಬಿಸಿಗೆ ಅದರ ಅಂಟು ಕರಗಿ ಜಾರಿಬಿಡುತ್ತದೆ. ಟ್ಯೂಬಿಗೂ ಟೈರಿನ ಒಳಮೈಗೂ ಪೌಡರು ಹಚ್ಚಿಸು. ಗಾಳಿ ಒಂದೇ ಸಲ ತುಂಬಿಸಬೇಡ. ಸ್ವಲ್ಪ ತುಂಬಿಸಿ, ಮೌತಿನೊಳಗಿನ ಪಿನ್ನು ತೆಗೆದು ಪೂರ್ತಿ ಬಿಡಿಸಿ, ಮತ್ತೆ ತುಂಬಿಸು. ಒಳಗಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಬೀಡ್ ಕೂರಲಿಲ್ಲವೆಂದು 40 ಪೌಂಡು ದಾಟಿಸಲು ಹೊರಟರೆ ಕೈ ಹಿಡಿ. ಗಾಳಿ ಇಳಿಸಿ, ಸೋಪು ಹಚ್ಚಿ, ಮತ್ತೆ ಮೊದಲಿನಿಂದ.

ಬ್ಯಾಲೆನ್ಸಿಂಗ್ ಮಿಷನ್ನಿನಲ್ಲಿ ಮಾಮೂಲಿ ಚಕ್ರವನ್ನು ಒಂದು ಕಡೆಯಿಂದ ಕೋನ್ ಹಾಕಿ ಹಿಡಿಯುತ್ತಾರೆ. ಕಡ್ಡಿ ಚಕ್ರದ ಹಬ್ಬಿನೊಳಗೆ ಹಲ್ಲುಗಳಿವೆ, ಎರಡೂ ತುದಿಗೆ ಇಳಿಜಾರಿದೆ. ಎರಡೂ ಕಡೆಯಿಂದ ಕೋನ್ ಕೂರಿಸಿ ಹಿಡಿಯದಿದ್ದರೆ ಚಕ್ರ ನೆಟ್ಟಗೆ ನಿಲ್ಲುವುದಿಲ್ಲ, ಮಿಷನ್ನು ಇಲ್ಲದ ತಪ್ಪಿಗೆ ಸೀಸ ಬಡಿಯುತ್ತದೆ. ಮಿಷನ್ನಿನಲ್ಲಿ ಚಕ್ರ ತಿರುಗುವಾಗ ಅಂಚು ಅಲುಗಾಡುತ್ತಿದೆಯೇ ಎಂದು ನೀನೇ ನೋಡು. ಅಲೈನ್‌ಮೆಂಟಿನ ಕಂಪ್ಯೂಟರಿನಲ್ಲಿ ನಿನ್ನ ಗಾಡಿಯ ಹೆಸರು ಸಿಗದಿದ್ದರೆ ಅಂಕಿ ನಾನು ಕೊಡುತ್ತೇನೆ: ಟೋ-ಇನ್ 1.5ರಿಂದ 2.3 ಮಿಲಿಮೀಟರು. ಉಳಿದದ್ದನ್ನು ತಿರುಗಿಸಲು ಹೋಗುವುದು ಬೇಡ.

ಇನ್ನು ಸುತ್ತಿಗೆಯ ಕೆಲಸ. ಈ ಮಾತನ್ನು ಎರಡು ಸಲ ಓದು. ಚಕ್ರವನ್ನು ಹಿಡಿದಿರುವುದು ನಡುವಿನ ಒಂದೇ ನಟ್ಟು, ಅದಕ್ಕೆ ಎರಡು ಕಿವಿ. ಎಡಗಡೆಯ ಚಕ್ರಗಳಿಗೆ ಬಲ ಮರೆ, ಬಲಗಡೆಯವಕ್ಕೆ ಎಡ ಮರೆ. ಮೇಲಿರುವ ಕಿವಿಗೆ ಗಾಡಿಯ ಮುಂದಕ್ಕೆ ಹೊಡೆದರೆ ಬಿಚ್ಚುತ್ತದೆ, ಹಿಂದಕ್ಕೆ ಹೊಡೆದರೆ ಬಿಗಿಯುತ್ತದೆ. ಎರಡೂ ಬದಿಗೆ ಇದೇ ಲೆಕ್ಕ. ನಿನ್ನ ಗಾಡಿಯನ್ನು ಪೂರ್ತಿ ಬಿಚ್ಚಿ ಕೂಡಿಸಿದ್ದಾರೆ ಅಂದೆಯಲ್ಲ, ಎಡದ ಹಬ್ಬು ಬಲಕ್ಕೆ ಹೋಗಿದೆಯೇ ಎಂದು ಮೊದಲು ನೋಡು. ಅದಲುಬದಲಾಗಿದ್ದರೆ ಓಡಿದಷ್ಟೂ ನಟ್ಟು ತಾನೇ ಬಿಚ್ಚಿಕೊಳ್ಳುತ್ತದೆ, ಒಂದು ದಿನ ಚಕ್ರ ನಿನಗಿಂತ ಮುಂಚೆ ದೊಡ್ಡಬಳ್ಳಾಪುರ ತಲುಪುತ್ತದೆ. ಹಬ್ಬಿನ ಹಲ್ಲು ಚೂಪಾಗಿ ಸವೆದಿದ್ದರೆ ಹೊಸ ಹಬ್ಬು ಹಾಕಿಸು. ಹಲ್ಲಿಗೂ ಇಳಿಜಾರಿಗೂ ತೆಳ್ಳಗೆ ಗ್ರೀಸು ಸವರು. ಹೊಡೆಯುವುದು ತಾಮ್ರದ ಸುತ್ತಿಗೆಯಲ್ಲಿ. ಕಬ್ಬಿಣದ್ದಾದರೆ ಕಿವಿ ಹರಿದು ಚೂರು ಕಣ್ಣಿಗೆ ಹಾರುತ್ತದೆ. ಐವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೆ ಹೊಡೆದು ನೋಡು, ಆಗ ಒಂದಿಷ್ಟು ತಿರುಗಿಯೇ ತಿರುಗುತ್ತದೆ.

ಗಾಳಿಯ ವಿಷಯದಲ್ಲಿ ಬಂಕಿನ ಹುಡುಗನ ಮಾತು ಕೇಳಬೇಡ. ಅವನ ಪೈಪು ಎಲ್ಲ ಕಾರಿಗೂ 33, 35 ಎಂದೇ ತುಂಬುತ್ತದೆ. ಎಂಜಿಬಿಯ ಕೈಪಿಡಿ ರೇಡಿಯಲ್ಲಿಗೆ ಹೇಳುವುದು ಮುಂದೆ 21, ಹಿಂದೆ 24. ನಮ್ಮ ರಸ್ತೆಯ ಗುಂಡಿಗಳಲ್ಲಿ ರಿಮ್ಮಿಗೆ ಪೆಟ್ಟು ಬೀಳದಿರಲಿ ಎಂದು ನಾನಾದರೆ ಮೂರು ಪೌಂಡು ಹೆಚ್ಚಿಗೆ ಇಡುತ್ತೇನೆ, ಅದಕ್ಕಿಂತ ಜಾಸ್ತಿಯಿಲ್ಲ. ಬೆಳಗ್ಗೆ ಟೈರು ತಣ್ಣಗಿರುವಾಗ ಅಳೆ. ಸ್ವಂತದ ಮೀಟರು ಒಂದಿರಲಿ. ಜಾಲಿ ಮುಳ್ಳಿನ ಸೀಮೆಯಿದು, ಟ್ಯೂಬಿನ ಟೈರು ಮುಳ್ಳು ಚುಚ್ಚಿದರೆ ಟ್ಯೂಬ್‌ಲೆಸ್ಸಿನ ಹಾಗೆ ಊರು ತಲುಪಿಸುವುದಿಲ್ಲ. ವಾರಕ್ಕೊಮ್ಮೆ ನೋಡು.

ಸುಗ್ಗಿಯಲ್ಲಿ ಇನ್ನೊಂದು ಕಾಟ. ರಾಗಿ ತೆನೆ, ಹುರುಳಿ ಗಿಡ ಎಲ್ಲವನ್ನೂ ನಮ್ಮವರು ರಸ್ತೆಗೇ ಹಾಸಿ ಒಕ್ಕಣೆ ಮಾಡುತ್ತಾರೆ. ಬೇಡವೆಂದು ಅಧಿಕಾರಿಗಳು ಹೇಳಿದರೂ ಕಣ ಮಾಡುವವರು ಎಲ್ಲಿದ್ದಾರೆ ಈಗ? ಒಣ ಹುಲ್ಲಿನ ಮೇಲೆ ಎಂಥ ಹೊಸ ಟೈರೂ ರಸ್ತೆ ಹಿಡಿಯುವುದಿಲ್ಲ. ಹುರುಳಿ ಬಳ್ಳಿಯಂತೂ ಆಕ್ಸಲಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಎತ್ತರದ ಕಾರುಗಳೇ ಹಾಗೆ ಸುಟ್ಟಿವೆ, ನಿನ್ನದು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಗಾಡಿ. ಆ ತಿಂಗಳುಗಳಲ್ಲಿ ಹಾಸಿದ ರಸ್ತೆ ಕಂಡರೆ ಹಿಂದಿರುಗಿ ಬೇರೆ ದಾರಿ ಹಿಡಿ. ಹಾಯಲೇಬೇಕಾದರೆ ಆಚೆ ಬದಿಗೆ ನಿಲ್ಲಿಸಿ, ಬಗ್ಗಿ, ಸುತ್ತಿಕೊಂಡ ಬಳ್ಳಿಯನ್ನು ಕೈಯಿಂದ ಕಿತ್ತು ತೆಗೆ.

ಗಾಡಿ ನಿಲ್ಲಿಸುವ ಜಾಗದ ಬಗ್ಗೆಯೂ ನೀನು ಕೇಳಿದ್ದೆ. ಚಿಕ್ಕಪ್ಪನ ಮಗ್ಗದ ಶೆಡ್ಡಿನಲ್ಲಿ ಜಾಗ ಇದೆ ಅಂದೆ. ಮಗ್ಗದ ಎಣ್ಣೆ ರಬ್ಬರಿಗೆ ವಿಷ, ಟೈರಿನ ಕೆಳಗೆ ಒಂದು ಹಲಗೆ ಹಾಕು. ವೆಲ್ಡಿಂಗ್ ಸೆಟ್ಟೂ ಕಿಡಿ ಹಾರಿಸುವ ಮೋಟಾರೂ ಓಜೋನು ಹುಟ್ಟಿಸುತ್ತವೆ, ಅವುಗಳಿಂದ ದೂರವಿಡು. ತಿಂಗಳುಗಟ್ಟಲೆ ಓಡಿಸದಿದ್ದರೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಏರಿಸು, ಇಲ್ಲವಾದರೆ ನಿಂತ ಕಡೆ ಟೈರು ಚಪ್ಪಟೆಯಾಗುತ್ತದೆ.

ಅಂದಹಾಗೆ, ಅಗಲದ ಟೈರಿಗೆ ಜಾಗ ಮಾಡಲು ಮಡ್‌ಗಾರ್ಡ್ ಕತ್ತರಿಸಿ ಹಿಗ್ಗಿಸುವ ಸಲಹೆ ಕೊಟ್ಟ ಗ್ಯಾರೇಜಿನವನಿಗೆ 2021ರ ನಿಯಮ ತೋರಿಸು. ಐವತ್ತು ವರ್ಷ ದಾಟಿದ ಗಾಡಿಗೆ ವಿಎ ಎಂಬ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಚಾಸಿ, ಬಾಡಿ, ಎಂಜಿನ್ನು ಮೂಲ ರೂಪದಲ್ಲಿರಬೇಕು ಎಂಬುದು ಷರತ್ತು. ಕತ್ತರಿಸಿದ ಬಾಡಿ ಮೂಲ ರೂಪ ಹೇಗಾದೀತು?

ತೆಗೆದ ಹಳೆ ಟೈರನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡ. ಕಪ್ಪು ಪಾಲಿಶು ಹಚ್ಚಿ ಮತ್ತೊಬ್ಬನ ಗಾಡಿಗೆ ಏರಿಸುತ್ತಾರೆ. ಬೀಡಿನ ತಂತಿ ಕತ್ತರಿಸಿ ಮನೆಗೆ ತಾ, ನಿಮ್ಮ ಹಸುಗಳ ರಸಮೇವಿನ ಗುಂಡಿಗೆ ಹೊದಿಸಿದ ಪ್ಲಾಸ್ಟಿಕ್ಕಿನ ಮೇಲೆ ಹೇರು. ಮಳೆ ನೀರು ನಿಂತು ಸೊಳ್ಳೆ ಆಗದಂತೆ ಒಂದೊಂದಕ್ಕೂ ನಾಲ್ಕಾರು ತೂತು ಕೊರೆ.